ರಿಲೀವರ್ ಬಂದ ಮೇಲೆ

ಪರದೆಯ ಮೇಲೆ ಬರಬೇಕಾಗಿದ್ದ ಅಂಕಿ 1. ಬಂದದ್ದು 14,06,213.

ರಾತ್ರಿ 2 ಗಂಟೆ 40 ನಿಮಿಷ. ಪುಣೆಯ ವಾಕಡದ ಫ್ಲ್ಯಾಟಿನಲ್ಲಿ, ಮಗಳ ಸ್ಕೂಲ್ ಬ್ಯಾಗನ್ನು ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನು ಕೂತಿದ್ದ. ಔಷಧಿ ವಿತರಕರ ಆರ್ಡರ್‌ಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಒಂದು ಆರ್ಡರ್ ‘ರವಾನೆಯಾಗಿದೆ’ ಎನ್ನುವ ಹಂತಕ್ಕೆ ಬರದೆ ಸಿಕ್ಕಿಕೊಂಡಿದೆ, ಗೋಡೌನ್ ಮುಂದೆ ಲಾರಿ ಕಾಯುತ್ತಿದೆ ಎಂದು ಫೋನ್ ಬಂದಿತ್ತು. ಸರಿಪಡಿಸಲು ಬೇಕಾದದ್ದು ಎರಡೇ ಸಾಲು. ಮೊದಲ ಸಾಲು ಏನು ಬದಲಾಗಬೇಕು ಎಂದು ಹೇಳುತ್ತದೆ. ‘ವೇರ್’ ಎಂದು ಶುರುವಾಗುವ ಎರಡನೆಯದು, ಯಾವ ಆರ್ಡರ್‌ನಲ್ಲಿ ಬದಲಾಗಬೇಕು ಎಂದು ಹೇಳುತ್ತದೆ. ಅವನು ಎರಡನ್ನೂ ಸರಿಯಾಗಿಯೇ ಬರೆದಿದ್ದ. ಮೌಸ್‌ನಿಂದ ಆರಿಸುವಾಗ ಮೊದಲ ಸಾಲು ಮಾತ್ರ ಆಯ್ಕೆಯಾಗಿತ್ತು, ಅವನು ಗಮನಿಸಲಿಲ್ಲ. ಆರಿಸಿದ್ದಷ್ಟನ್ನೇ ನಡೆಸುವುದು ಆ ಸಾಫ್ಟ್‌ವೇರಿನ ಗುಣ. ಮೂರು ವರ್ಷದ ಹದಿನಾಲ್ಕು ಲಕ್ಷ ಆರ್ಡರ್‌ಗಳು, ರದ್ದಾದವು, ದುಡ್ಡು ವಾಪಸಾದವು, ಇನ್ನೂ ಪ್ಯಾಕ್ ಆಗದವು, ಎಲ್ಲವೂ ಒಂದೇ ಏಟಿಗೆ ‘ರವಾನೆ’ಯಾದವು.

ಅದು ಆ ವಾರ ಅವನು ನಿದ್ದೆಯಿಂದ ಎದ್ದ ಹನ್ನೊಂದನೇ ಸಲ.

ಮುಂದಿನ ನಾಲ್ಕು ನಿಮಿಷ ಅವನು ಯಾರಿಗೂ ಏನೂ ಹೇಳಲಿಲ್ಲ. ಕೈ ತಣ್ಣಗಾಗಿತ್ತು. ಯಾರಿಗೂ ಗೊತ್ತಾಗದಂತೆ ಸರಿಮಾಡಲು ದಾರಿ ಇದೆಯೇ ಎಂದು ಹದಿನೈದು ವರ್ಷದ ಅನುಭವವೆಲ್ಲ ಒಟ್ಟಾಗಿ ಹುಡುಕಿತು. ಐದನೇ ನಿಮಿಷದಲ್ಲಿ ತಂಡದ ಚಾಟ್ ತೆರೆದು, ತಪ್ಪು ತನ್ನಿಂದಾಗಿದೆ, ಗೋಡೌನಿನವರು ಸದ್ಯಕ್ಕೆ ಯಾವ ಲಾರಿಯನ್ನೂ ಬಿಡಬಾರದು ಎಂದು ಬರೆದ. ಆಮೇಲೆ ಯೋಚಿಸಿದರೆ, ಆ ರಾತ್ರಿ ಅವನು ಮಾಡಿದ ಸರಿಯಾದ ಕೆಲಸಗಳಲ್ಲಿ ಅತಿ ಕಷ್ಟದ್ದು ಅದೇ.

ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಅಂದರೆ ಡಿಬಿಎ, ಏನು ಕೆಲಸ ಮಾಡುತ್ತಾನೆ ಎಂದು ಧಾರವಾಡದಲ್ಲಿರುವ ಅವ್ವ ಒಮ್ಮೆ ಕೇಳಿದ್ದಳು. ಅಂಗಡಿಯ ಲೆಕ್ಕದ ಪುಸ್ತಕ ಕಾಯುವ ಕೆಲಸ ಎಂದು ಅವನು ಹೇಳಿದ್ದ. ಅದು ಬರೀ ಹೋಲಿಕೆಯಲ್ಲ, ಹೆಚ್ಚುಕಡಿಮೆ ನಿಜ. ಖಾತೆ ಪುಸ್ತಕದಲ್ಲಿ ಯಾರ ಬಾಕಿ ಎಷ್ಟು ಎಂಬುದಿರುತ್ತದೆ. ಡೇಟಾಬೇಸಿನ ಟೇಬಲ್ ಅದು. ಕಿರ್ದಿಯಲ್ಲಿ ದಿನದ ವ್ಯವಹಾರ ಆದ ಕ್ರಮದಲ್ಲೇ ಬರೆದಿರುತ್ತದೆ. ಅವನು ಕಾಯುವ ಮೈಸೀಕ್ವೆಲ್‌ನಲ್ಲಿ ಅದಕ್ಕೆ ಬೈನರಿ ಲಾಗ್ ಎಂದು ಹೆಸರು. ಖಾತೆ ಪುಸ್ತಕ ಕೆಟ್ಟರೆ ಹಿಂದಿನ ರಾತ್ರಿಯ ನಕಲು ತೆಗೆದು, ಕಿರ್ದಿಯನ್ನು ಮೊದಲಿನಿಂದ ಓದುತ್ತ, ತಪ್ಪು ನಡೆದ ಕ್ಷಣದ ಹಿಂದಿನ ನಮೂದಿನವರೆಗೆ ಒಂದೊಂದನ್ನೂ ಮತ್ತೆ ಏರಿಸುತ್ತ ಬರಬೇಕು.

ಆ ರಾತ್ರಿ ಅವನು ಮಾಡಿದ್ದು ಅದನ್ನೇ. ಬೇರೊಂದು ಸರ್ವರಿನ ಮೇಲೆ ಹಿಂದಿನ ರಾತ್ರಿಯ ಬ್ಯಾಕಪ್ ಇಳಿಸಿ, ಕಿರ್ದಿಯನ್ನು 2 ಗಂಟೆ 39 ನಿಮಿಷದವರೆಗೆ ನಡೆಸಿ, ಅಲ್ಲಿ ಸಿಕ್ಕ ಹಳೆಯ ಸ್ಥಿತಿಗಳನ್ನು ತಂದು ಇಲ್ಲಿ ತುಂಬಿಸಿದ. ಮುಗಿಯುವಾಗ ಬೆಳಗಿನ 8 ದಾಟಿತ್ತು. ಒಂದು ಔಷಧಿ ಪೆಟ್ಟಿಗೆಯೂ ತಪ್ಪು ವಿಳಾಸಕ್ಕೆ ಹೋಗಲಿಲ್ಲ. ಮಗಳು ಬ್ಯಾಗ್ ಹುಡುಕುತ್ತ ಬಂದಾಗ ಅವನಿಗೆ ಅವಳು ಹೇಳಿದ್ದು ಕೇಳಿಸಲೇ ಇಲ್ಲ.

ವಾರದ ನಂತರ ಬಂದ ವರದಿಯಲ್ಲಿ ‘ಮೂಲ ಕಾರಣ’ ಎಂಬ ಅಂಕಣದಲ್ಲಿ ಎರಡು ಪದಗಳಿದ್ದವು: ಮಾನವ ದೋಷ. ‘ಪರಿಹಾರ’ದ ಅಂಕಣದಲ್ಲಿ, ಇನ್ನು ಮುಂದೆ ಎಚ್ಚರ ವಹಿಸುವುದು. ಪಕ್ಕದಲ್ಲಿ ಅವನ ಹೆಸರು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಹೇಳಲು ಏನಾದರೂ ಇರುತ್ತಿತ್ತು.

ತನ್ನಂಥವರಿಗೆ ಅದೇ ಮೈಸೀಕ್ವೆಲ್‌ನಲ್ಲಿ ಒಂದು ಕಾವಲು ಇದೆ ಎಂದು ಅವನಿಗೆ ಗೊತ್ತಿತ್ತು. ‘ಸೇಫ್ ಅಪ್‌ಡೇಟ್ಸ್’ ಎಂಬ ಆಯ್ಕೆ ಚಾಲೂ ಇದ್ದರೆ, ಯಾವ ಸಾಲು ಎಂದು ಹೇಳದ ಬದಲಾವಣೆಯನ್ನು ಅದು ನಡೆಸುವುದಿಲ್ಲ. ಆ ಆಯ್ಕೆಗೆ ಅಧಿಕೃತವಾಗಿಯೇ ಇನ್ನೊಂದು ಹೆಸರಿದೆ: ‘ಐ ಆ್ಯಮ್ ಎ ಡಮ್ಮಿ’. ಅಂದರೆ ನಾನೊಬ್ಬ ಪೆದ್ದ. ಬರೆದವರು ತಮಾಷೆಗೆ ಇಟ್ಟ ಹೆಸರು. ಆದರೆ ಹತ್ತು ವರ್ಷದ ಹಿಂದೆ ಕೆಲಸಕ್ಕೆ ಅಡ್ಡಿ ಎಂದು ಆ ಆಯ್ಕೆಯನ್ನು ತೆಗೆದುಹಾಕಿದವನು ಅವನೇ. ಪೆದ್ದನಲ್ಲದವನಿಗೆ ಅದು ಯಾಕೆ ಬೇಕು? ಈಗ ರಾತ್ರಿ ಆ ಹೆಸರು ನೆನಪಾಗಿ ಮೈ ಬೆವರುತ್ತಿತ್ತು.

ಹೀಗೆ ನಿದ್ದೆ ಬಾರದ ರಾತ್ರಿಗಳಲ್ಲೇ ಅವನು ಗಿಟ್‌ಲ್ಯಾಬ್‌ನ ಕಥೆಯನ್ನು ಮತ್ತೆ ಓದಿದ್ದು. ಈ ಕಸುಬಿನವರಿಗೆಲ್ಲ ಗೊತ್ತಿರುವ ಕಥೆ. 2017ರ ಜನವರಿ 31ರ ರಾತ್ರಿ, ಆ ಕಂಪನಿಯ ಒಬ್ಬ ಎಂಜಿನಿಯರ್ ಕೆಟ್ಟು ನಿಂತ ನಕಲು ಸರ್ವರನ್ನು ಸರಿಪಡಿಸಲು ಗಂಟೆಗಟ್ಟಲೆ ಹೆಣಗಿ, ಅದರ ಡೇಟಾ ಫೋಲ್ಡರನ್ನು ಅಳಿಸಿ ಹೊಸದಾಗಿ ಶುರುಮಾಡೋಣವೆಂದು ಆದೇಶ ಕೊಟ್ಟ. ಆದರೆ ಅವನಿದ್ದದ್ದು ನಕಲು ಸರ್ವರಿನಲ್ಲಲ್ಲ, ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದ. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್ ನೋಡಿದರೆ, ದಿನವೂ ಆಗುತ್ತಿದೆ ಎಂದುಕೊಂಡದ್ದು ಆಗಿರಲೇ ಇಲ್ಲ. ಡೇಟಾಬೇಸ್ ಒಂದು ಆವೃತ್ತಿಯದು, ಬ್ಯಾಕಪ್ ತೆಗೆಯುವ ಸಾಧನ ಹಳೆಯ ಆವೃತ್ತಿಯದು; ಹಾಗಾಗಿ ಅದು ಪ್ರತಿಸಲವೂ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಇಮೇಲ್‌ಗಳೂ ಯಾರಿಗೂ ತಲುಪದೆ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಉಳಿಸಿದ್ದು, ಅದೇ ಎಂಜಿನಿಯರ್ ಬೇರೇನೋ ಪರೀಕ್ಷೆಗೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಆ ಆರು ಗಂಟೆಯ ಡೇಟಾ ಮಾತ್ರ ಹೋಯಿತು.

ಅವನನ್ನು ಹಿಡಿದಿಟ್ಟದ್ದು ಆ ಕಂಪನಿ ಆಮೇಲೆ ಮಾಡಿದ್ದು. ದುರಸ್ತಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಆಗಿದ್ದನ್ನೆಲ್ಲ ಬಹಿರಂಗವಾಗಿ ಬರೆದರು, ಆದರೆ ಅಳಿಸಿದವನನ್ನು ‘ತಂಡದ ಸದಸ್ಯ 1’ ಎಂದಷ್ಟೇ ಕರೆದರು. ಕೇಳಿಕೊಂಡ ಪ್ರಶ್ನೆಗಳೂ ಬೇರೆ: ಮುಖ್ಯ ಸರ್ವರೂ ನಕಲು ಸರ್ವರೂ ಪರದೆಯ ಮೇಲೆ ಒಂದೇ ಥರ ಕಾಣುವುದೇಕೆ? ಬ್ಯಾಕಪ್ ಸರಿಯಿದೆಯೇ ಎಂದು ನೋಡುವ ಹೊಣೆ ಯಾರದ್ದೂ ಆಗಿರಲಿಲ್ಲವೇಕೆ? ಅವನ ಕಂಪನಿಯ ವರದಿ ‘ಮಾನವ ದೋಷ’ ಎಂದು ನಿಂತ ಜಾಗದಿಂದಲೇ ಈ ವರದಿ ಶುರುವಾಗಿತ್ತು.

ಆದರೆ ಓದಿದ್ದು ತಲೆಗೆ ಹೋದಷ್ಟು ಬೇಗ ಮೈಗೆ ಇಳಿಯುವುದಿಲ್ಲ. ರಾತ್ರಿ 2 ಗಂಟೆ 40ಕ್ಕೆ ಸರಿಯಾಗಿ ಎಚ್ಚರವಾಗುತ್ತಿತ್ತು. ಬಾರದ ಫೋನ್ ಬಂದಂತೆ ಕೇಳಿ ಎದ್ದು ಕೂರುತ್ತಿದ್ದ. “ಏನ್ರೀ, ಫೋನ್ ಬಡದಿಲ್ಲ, ಮಲಕೋರಿ” ಎಂದು ಹೆಂಡತಿ ಕತ್ತಲಲ್ಲೇ ಹೇಳುತ್ತಿದ್ದಳು. ಸ್ನಾನಕ್ಕೂ ಫೋನ್ ಒಯ್ದು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದ. ಸಣ್ಣ ಆದೇಶವನ್ನೂ ಐದು ಸಲ ಓದಿ, ಬೆರಳು ಎಂಟರ್ ಮೇಲೆ ನಿಂತು, ಒತ್ತಲಾಗದೆ ಎದ್ದು ನೀರು ಕುಡಿದು ಬರುತ್ತಿದ್ದ. ರವಿವಾರ ಸಂಜೆಯಾದರೆ ಹೊಟ್ಟೆ ತೊಳೆಸುತ್ತಿತ್ತು. ಮಗಳು ಹಾಲು ಚೆಲ್ಲಿದ ದಿನ ಅವನು ಕೂಗಿದ ರೀತಿಗೆ ಅವನಿಗೇ ಹೆದರಿಕೆಯಾಯಿತು.

ಅದೇ ತಿಂಗಳು ಆಫೀಸಿನಲ್ಲಿ ಮಾನಸಿಕ ಆರೋಗ್ಯದ ವೆಬಿನಾರ್ ಇತ್ತು. ಬುಧವಾರ ನಾಲ್ಕಕ್ಕೆ, ಕ್ಯಾಮೆರಾ ಚಾಲೂ ಇಟ್ಟು, ಕಣ್ಣು ಮುಚ್ಚಿ ಉಸಿರಾಟ ಗಮನಿಸಬೇಕಾಗಿತ್ತು. ಆ ನಲವತ್ತು ನಿಮಿಷದಲ್ಲಿ ಅವನಿಗೆ ಮೂರು ಅಲರ್ಟ್ ಬಂದವು. ಒಂದು ಕಣ್ಣು ಮುಚ್ಚಿಯೇ ಮೂರನ್ನೂ ನೋಡಿದ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಎಂದರೇನು ಎಂದು ಬಿಡಿಸಿ ಹೇಳಿತು. ಅದರ ಲಕ್ಷಣ ಮೂರು: ಶಕ್ತಿಯೆಲ್ಲ ಬತ್ತಿಹೋದಂತಾಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಸಿನಿಕತನ ಹುಟ್ಟುವುದು, ಕೈಲಾಗುತ್ತಿದ್ದದ್ದು ಕೈಲಾಗದಂತಾಗುವುದು. ಜೊತೆಗೆ ಇನ್ನೊಂದು ಮಾತೂ ಇದೆ, ಅದನ್ನು ಬಹಳ ಜನ ಓದದೆ ದಾಟುತ್ತಾರೆ. ಬರ್ನ್‌ಔಟ್ ಅನ್ನು ಅದು ಕಾಯಿಲೆಗಳ ಪಟ್ಟಿಗೆ ಸೇರಿಸಿಲ್ಲ, ಉದ್ಯೋಗದಿಂದ ಉಂಟಾಗುವ ಸ್ಥಿತಿ ಎಂದು ಕರೆದಿದೆ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವಂಥದ್ದು. ಅಂದರೆ ಅದರ ಬೇರು ಕೆಲಸ ಮಾಡುವವನ ಮನಸ್ಸಿನಲ್ಲಷ್ಟೇ ಇಲ್ಲ, ಕೆಲಸ ಜೋಡಿಸಿದ ಬಗೆಯಲ್ಲೂ ಇದೆ.

ಒಂದು ಸಂಜೆ, ಆಫೀಸಿನ ನೆಲಮಾಳಿಗೆಯಲ್ಲಿ ಕಾರಿನೊಳಗೆ ಕೂತು, ಅವನು 14416ಕ್ಕೆ ಫೋನ್ ಮಾಡಿದ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಟೆಲಿ-ಮಾನಸ್ ಸಹಾಯವಾಣಿ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು. ಅವನು ಕನ್ನಡ ಆರಿಸಿದ. ಹದಿನೈದು ವರ್ಷ ಆಫೀಸಿನಲ್ಲಿ ಇಂಗ್ಲಿಷು, ಲಿಫ್ಟಿನಲ್ಲಿ ಹಿಂದಿ, ತರಕಾರಿಯವನ ಹತ್ತಿರ ಮರಾಠಿ. ತನಗೇನಾಗುತ್ತಿದೆ ಎಂದು ಹೇಳಲು ‘ಸ್ಟ್ರೆಸ್’ ಎಂಬ ಪದ ನೂರು ಸಲ ಬಳಸಿದ್ದ, ಪ್ರತಿಸಲವೂ ಅದು ಬೇರೆ ಯಾರದೋ ತೊಂದರೆಯ ಹೆಸರಿನಂತೆ ಕೇಳುತ್ತಿತ್ತು. ಈಗ ಆ ಕಡೆಯ ಹೆಣ್ಣುದನಿ “ಹೇಳಿ” ಎಂದದ್ದೇ, “ಎದಿ ಮ್ಯಾಲ ಕಲ್ಲ ಇಟ್ಟಂಗ ಆಗೇತ್ರಿ” ಎಂದುಬಿಟ್ಟ. ಆಮೇಲೆ ಎಷ್ಟೋ ಹೊತ್ತು ಮಾತು ಹೊರಡಲಿಲ್ಲ. ಆಕೆ ಕಾದರು.

ಆಕೆ ಹೇಳಿದಂತೆ ಅವನು ಪುಣೆಯಲ್ಲೇ ಒಬ್ಬ ಮನೋವೈದ್ಯರನ್ನು ಕಂಡ. ಅವರು ಕೆಲವು ತಿಂಗಳ ಮಟ್ಟಿಗೆ ಗುಳಿಗೆ ಬರೆದುಕೊಟ್ಟರು, ವಾರಕ್ಕೊಮ್ಮೆ ಮಾತಿಗೆ ಕರೆದರು. ನಿದ್ದೆ ನಿಧಾನವಾಗಿ ಮರಳಿತು. ಗುಳಿಗೆ ನುಂಗುವುದು ಸೋಲು ಎಂದು ಅವನು ಮೊದಲೆರಡು ವಾರ ಅಂದುಕೊಂಡಿದ್ದ, ಮೂರನೇ ವಾರ ಮಗಳ ಜೊತೆ ಕೇರಂ ಆಡುವಾಗ ಹಾಗೆ ಅಂದುಕೊಂಡದ್ದೇ ಮರೆತುಹೋಗಿತ್ತು. ವೈದ್ಯರು ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಿದ್ದರು: ಗುಳಿಗೆಯಿಂದ ನಿದ್ದೆ ಬರಬಹುದು, ಆದರೆ ರಾತ್ರಿ ಬರುವ ಫೋನನ್ನು ಗುಳಿಗೆ ನಿಲ್ಲಿಸುವುದಿಲ್ಲ.

ಉಳಿದರ್ಧ ಅವನಿಗೆ ತಿಳಿದದ್ದು ಧಾರವಾಡದಲ್ಲಿ.

ಅಪ್ಪ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರ್ ಆಗಿದ್ದವರು. ಅಳ್ನಾವರ, ಲೋಂಡಾ ಕಡೆಯ ಸ್ಟೇಷನ್‌ಗಳಲ್ಲಿ ಇಡೀ ಸರ್ವೀಸು ಕಳೆದು ನಿವೃತ್ತರಾದವರು. ದೀಪಾವಳಿಗೆ ಹೋದಾಗ ಮಗ ರಾತ್ರಿ ಎದ್ದು ಅಂಗಳದಲ್ಲಿ ಓಡಾಡುವುದನ್ನು ಅವರು ಎರಡು ದಿನ ನೋಡಿದರು. ಮೂರನೇ ರಾತ್ರಿ ಬಂದು ಕಟ್ಟೆಯ ಮೇಲೆ ಕೂತರು.

“ಯಾಕ ತಮ್ಮಾ, ನಿದ್ದಿ ಬರವಲ್ದ?”

ಅವನು ಹೇಳಿದ. ಹದಿನಾಲ್ಕು ಲಕ್ಷದ ಕಥೆ, ವರದಿಯ ಕಥೆ, ಗುಳಿಗೆಯ ಕಥೆ, ಎಲ್ಲ. ಅಪ್ಪ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: “ನಿನಗ ರಿಲೀವರ್ ಯಾರು?”

ಅವನಿಗೆ ಉತ್ತರ ಹೊಳೆಯಲಿಲ್ಲ. ತಂಡದಲ್ಲಿ ಇಬ್ಬರೇ ಡಿಬಿಎಗಳು. ಇನ್ನೊಬ್ಬ ವಾರಂಗಲ್ ಕಡೆಯ ಹುಡುಗ, ಹೈದರಾಬಾದ್ ಆಫೀಸಿನಲ್ಲಿರುವವನು. ವಾರ ಬಿಟ್ಟು ವಾರ ಪಾಳಿ ಎಂದು ಕಾಗದದಲ್ಲಿತ್ತು. ಆದರೆ ಅವನ ಪಾಳಿಯಲ್ಲೂ ಕಷ್ಟದ್ದೇನಾದರೂ ಬಂದರೆ ಫೋನ್ ಬರುತ್ತಿದ್ದದ್ದು ಇವನಿಗೇ.

“ಹಂಗಂದ್ರ ಯಾರೂ ಇಲ್ಲ” ಎಂದರು ಅಪ್ಪ.

ಆಮೇಲೆ ಅವರು ಸ್ಟೇಷನ್ ಡೈರಿಯ ಬಗ್ಗೆ ಹೇಳಿದರು. ಚಿಕ್ಕವನಿದ್ದಾಗ ಊಟದ ಡಬ್ಬಿ ಒಯ್ದು ಕೊಡುವಾಗ ಅದನ್ನು ಅವನೂ ನೋಡಿದ್ದ, ಉದ್ದದ ದಪ್ಪ ಪುಸ್ತಕ. ಪಾಳಿ ಬದಲಾಗುವಾಗ ಹೋಗುವವರು ಅದರಲ್ಲಿ ಬರೆಯಬೇಕು: ಯಾವ ಲೈನಿನಲ್ಲಿ ಗಾಡಿ ನಿಂತಿದೆ, ಹಿಂದಿನ ಸ್ಟೇಷನ್ನಿನಿಂದ ಯಾವುದು ಬಿಟ್ಟಿದೆ, ಯಾವ ಪಾಯಿಂಟ್ ರಿಪೇರಿಯಲ್ಲಿದೆ, ಕೀಲಿ ಎಲ್ಲಿವೆ. ಬರುವವರು ಓದಿ, ಕೇಳಿ, ಸಹಿ ಮಾಡಬೇಕು. ಚಾರ್ಜ್ ಕೊಟ್ಟೆ, ಚಾರ್ಜ್ ತಗೊಂಡೆ. ಸಹಿ ಬಿದ್ದ ಮೇಲೆ ಸ್ಟೇಷನ್ ಬರುವವರದು.

“ರಿಲೀವರ್ ಬರೂತನಕಾ ಕುಂತಿರೂದು ಡ್ಯೂಟಿ. ರಿಲೀವರ್ ಬಂದ ಮ್ಯಾಲೂ ಕುಂತಿರೂದು ಡ್ಯೂಟಿ ಅಲ್ಲ” ಎಂದರು ಅಪ್ಪ. “ನಿದ್ದಿಗೆಟ್ಟಾಂವ ಸಿಗ್ನಲ್ ಕೊಟ್ರ ಏನಾಗ್ತದ ಅಂತ ರೈಲ್ವೆಕ್ಕ ಗೊತ್ತದ. ನಿಮ್ಮ ಕಂಪನಿಗೆ ಗೊತ್ತಿಲ್ಲೇನು?”

ರೈಲ್ವೆಗೆ ಇದು ಗೊತ್ತಾಗಿ ಬಹಳ ಕಾಲವಾಯಿತು. 1989ರ ರೈಲ್ವೆ ಕಾಯ್ದೆಯಲ್ಲಿ ನೌಕರರ ಕೆಲಸದ ಗಂಟೆ ಮತ್ತು ವಿಶ್ರಾಂತಿಗೆಂದೇ ಒಂದು ಅಧ್ಯಾಯವಿದೆ. ಎಡೆಬಿಡದೆ ಗಮನ ಬೇಡುವ ಕೆಲಸವನ್ನು ಅದು ‘ಇಂಟೆನ್ಸಿವ್’ ಎಂದು ಬೇರೆ ವರ್ಗ ಮಾಡಿ ಅದಕ್ಕೆ ಕಡಿಮೆ ಗಂಟೆ ಇಡುತ್ತದೆ. ಸಾಫ್ಟ್‌ವೇರ್ ಲೋಕದಲ್ಲೂ ಇದರ ಲೆಕ್ಕ ಹಾಕಿದವರಿದ್ದಾರೆ. ಸರ್ವರ್‌ಗಳನ್ನು ಕಾಯುವ ಕೆಲಸದ ಬಗ್ಗೆ ಗೂಗಲ್‌ನವರು 2016ರಲ್ಲಿ ತಂದ ಪುಸ್ತಕದಲ್ಲಿ, ಒಬ್ಬ ಎಂಜಿನಿಯರ್ ತನ್ನ ಸಮಯದ ಕಾಲು ಭಾಗಕ್ಕಿಂತ ಹೆಚ್ಚು ಫೋನ್ ಕಾಯಬಾರದು, 12 ಗಂಟೆಯ ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಘಟನೆ ಬರಬಾರದು ಎಂದಿದೆ. ಹಾಗಾಗಬೇಕಾದರೆ ಒಂದೇ ಊರಿನಲ್ಲಿರುವ ತಂಡದಲ್ಲಿ ಕನಿಷ್ಠ 8 ಜನ ಬೇಕು. ಅವನ ತಂಡದಲ್ಲಿ ಇಬ್ಬರು. ಡೇಟಾದ ಪ್ರತಿ ಪುಣೆಯಲ್ಲೊಂದು, ಮುಂಬೈಯಲ್ಲೊಂದು, ಹೈದರಾಬಾದಿನಲ್ಲೊಂದು ಇತ್ತು. ಒಂದು ಕೆಟ್ಟರೆ ಇನ್ನೊಂದು ಮೂವತ್ತು ಸೆಕೆಂಡಿನಲ್ಲಿ ಎದ್ದು ನಿಲ್ಲುವಂತೆ ವ್ಯವಸ್ಥೆ ಮಾಡಿದವನು ಅವನೇ. ತನಗೊಂದು ಪ್ರತಿ ಇಲ್ಲ ಎಂಬುದು ಅವನಿಗೆ ಯಾವತ್ತೂ ದೋಷವಾಗಿ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ಅದರಲ್ಲೊಂದು ಹೆಮ್ಮೆಯಿತ್ತು.

ಪುಣೆಗೆ ಮರಳಿದ ಮೇಲೆ ಅವನು ಮ್ಯಾನೇಜರ್ ಹತ್ತಿರ ಹೋದ. ತನಗೆ ಹುಷಾರಿಲ್ಲ ಎಂದು ಹೇಳಲು ಹೋಗಲಿಲ್ಲ. ಹೋದ ಆರು ತಿಂಗಳ ರಾತ್ರಿಯ ಅಲರ್ಟ್‌ಗಳನ್ನೆಲ್ಲ ಎಣಿಸಿ ಒಂದು ಹಾಳೆ ಒಯ್ದಿದ್ದ. ಅದರಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ನೋಡಿದರೂ ನಡೆಯುವಂಥವು. ಡಿಸ್ಕ್ ಶೇಕಡ 80 ತುಂಬಿದೆ ಎಂದು ರಾತ್ರಿ ಎಬ್ಬಿಸುವ ಅಗತ್ಯವಿರಲಿಲ್ಲ. ಆ ಮಿತಿ ಇಟ್ಟವನೂ ಅವನೇ, ಅದೂ ಭಯದಿಂದ. ಹಾಳೆಯ ಕೆಳಗೆ ಒಂದೇ ಸಾಲು ಬರೆದಿದ್ದ: ಈ ವ್ಯವಸ್ಥೆಯಲ್ಲಿ ನಕಲು ಇಲ್ಲದೆ ಇರುವ ಭಾಗ ಒಂದೇ, ಅದು ನಾನು. ಮ್ಯಾನೇಜರ್ ಅದನ್ನು ಎರಡು ಸಲ ಓದಿದರು. ಮನಸ್ಸಿನ ಕಷ್ಟ ಅರ್ಥವಾಗದ ಮನುಷ್ಯನೇನಲ್ಲ ಅವರು, ಆದರೆ ಅಪಾಯದ ಭಾಷೆ ಅವರಿಗೆ ಬೇಗ ಅರ್ಥವಾಗುತ್ತಿತ್ತು.

ಎಲ್ಲವೂ ಒಮ್ಮೆಲೇ ಆಗಲಿಲ್ಲ. ಹೊಸ ಜನ ಸಿಗಲಿಲ್ಲ; ಅಪ್ಲಿಕೇಶನ್ ತಂಡದ ಮೂವರನ್ನು ತಯಾರು ಮಾಡಿ ಪಾಳಿಗೆ ಸೇರಿಸಲು ಐದು ತಿಂಗಳು ಹಿಡಿಯಿತು. ಅವನ ತಲೆಯಲ್ಲಷ್ಟೇ ಇದ್ದದ್ದನ್ನೆಲ್ಲ ಬರೆದಿಡಬೇಕಾಯಿತು. ಮುಖ್ಯ ಡೇಟಾಬೇಸಿನಲ್ಲಿ ಕೈಯಾರೆ ಏನು ಬದಲಿಸಿದರೂ ಇನ್ನೊಬ್ಬರು ನೋಡಿ ಹ್ಞೂಂ ಅನ್ನಬೇಕೆಂಬ ನಿಯಮ ಬಂತು. ರಾತ್ರಿ ಎದ್ದವರಿಗೆ ಮರುದಿನ ಮಧ್ಯಾಹ್ನದವರೆಗೆ ರಜೆ. ‘ಪೆದ್ದ’ನ ಕಾವಲನ್ನು ಎಲ್ಲರ ಕಂಪ್ಯೂಟರಿನಲ್ಲೂ ಮತ್ತೆ ಚಾಲೂ ಮಾಡಿದರು, ಮೊದಲು ಅವನದರಲ್ಲಿ. ಹಳೆಯ ವರದಿಯನ್ನು ಮಾತ್ರ ಯಾರೂ ತಿದ್ದಲಿಲ್ಲ. ಅವನ ಹೆಸರು ಅಲ್ಲಿ ಇನ್ನೂ ಇದೆ.

ಡಿಬಿಎಗಳು ಕಿರಿಯರಿಗೆ ಮೊದಲು ಹೇಳಿಕೊಡುವ ಪಾಠವೊಂದಿದೆ: ಮರಳಿ ಇಳಿಸಿ ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಗಿಟ್‌ಲ್ಯಾಬ್ ಕಲಿತದ್ದೂ ಅದನ್ನೇ. ಆ ಪಾಠವನ್ನು ಅವನು ತನ್ನ ಮೇಲೇ ಪರೀಕ್ಷಿಸಬೇಕಾಗಿತ್ತು. ಮೇ ತಿಂಗಳಲ್ಲಿ ಒಂಬತ್ತು ದಿನ ರಜೆ ಹಾಕಿದ. ಹೊರಡುವ ಸಂಜೆ ಯಾವುದು ನಡೆಯುತ್ತಿದೆ, ಯಾವುದು ಅರ್ಧಕ್ಕೆ ನಿಂತಿದೆ, ಯಾವುದರ ಮೇಲೆ ಕಣ್ಣಿಡಬೇಕು ಎಂದು ಒಂದು ಪುಟ ಬರೆದು, ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಚಾರ್ಜ್ ಕೊಟ್ಟೆ’ ಎಂದು ಸೇರಿಸಿದ. ಹಾಗೆಂದರೇನು ಎಂದು ವಾರಂಗಲ್‌ನ ಹುಡುಗ ಕೇಳಿದ. ಅಪ್ಪನ ಡೈರಿಯ ಕಥೆ ಹೇಳಿದ.

ಧಾರವಾಡದಲ್ಲಿ ಮೊದಲ ಮೂರು ದಿನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಆಫೀಸಿನ ಫೋನ್ ಪುಣೆಯ ಮನೆಯ ಕಪಾಟಿನಲ್ಲಿತ್ತು. ಐದನೇ ದಿನ ಅಪ್ಪನ ಜೊತೆ ಮಾವಿನಹಣ್ಣು ತರಲು ಸಂತೆಗೆ ಹೋದವನಿಗೆ, ಮನೆಗೆ ಮರಳಿದ ಮೇಲೆ, ಬೆಳಗಿನಿಂದ ಆಫೀಸಿನ ನೆನಪೇ ಆಗಲಿಲ್ಲ ಎಂಬುದು ಹೊಳೆಯಿತು.

ಪುಣೆಗೆ ಬಂದು ಡೈರಿ ತೆರೆದಾಗ, ನಾಲ್ಕನೇ ರಾತ್ರಿ ಮುಖ್ಯ ಸರ್ವರ್ ಬಿದ್ದಿತ್ತೆಂದು ಗೊತ್ತಾಯಿತು. ವಾರಂಗಲ್‌ನ ಹುಡುಗ ನಕಲು ಸರ್ವರನ್ನು ಮುಂದಕ್ಕೆ ತಂದು, ಐವತ್ತು ನಿಮಿಷದಲ್ಲಿ ಎಲ್ಲ ಸರಿಮಾಡಿ, ಮಾಡಿದ್ದೆಲ್ಲ ಬರೆದಿಟ್ಟು, ಮರುದಿನ ಮಧ್ಯಾಹ್ನದವರೆಗೆ ಮಲಗಿದ್ದ. ಅವನಾದರೆ ಮೂವತ್ತು ನಿಮಿಷದಲ್ಲಿ ಮುಗಿಸುತ್ತಿದ್ದ. ಓದುವಾಗ ಎದೆಯಲ್ಲಿ ಏನೋ ಚುಚ್ಚಿತು. ತಾನಿಲ್ಲದೆಯೂ ನಡೆಯಿತಲ್ಲ ಎಂಬ ನೋವು ಅದು. ಇಷ್ಟು ವರ್ಷ ಫೋನ್ ಹೊತ್ತು ತಿರುಗಿದ್ದರಲ್ಲಿ ಕಂಪನಿಯ ಒತ್ತಾಯ ಎಷ್ಟಿತ್ತು, ತಾನೇ ಬೇಕು ಅನ್ನಿಸಿಕೊಳ್ಳುವ ಆಸೆ ಎಷ್ಟಿತ್ತು ಎಂದು ಆವತ್ತು ಮೊದಲ ಸಲ ತನ್ನನ್ನೇ ಕೇಳಿಕೊಂಡ. ಉತ್ತರ ಸಿಗಲು ವೈದ್ಯರ ಹತ್ತಿರ ಇನ್ನೂ ಎರಡು ಭೇಟಿ ಬೇಕಾದವು.

ಈಗಲೂ ಕೆಲವು ರಾತ್ರಿ 2 ಗಂಟೆ 40ಕ್ಕೆ ಎಚ್ಚರವಾಗುತ್ತದೆ. ಹಾಲ್‌ನಲ್ಲಿ ಫ್ರಿಜ್‌ನ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಈ ವಾರದ ಪಾಳಿ ತನ್ನದೋ ಅಲ್ಲವೋ ಎಂದು ನೆನಪು ಮಾಡಿಕೊಳ್ಳುತ್ತಾನೆ. ತನ್ನದಾದರೆ ಎದ್ದು ಒಮ್ಮೆ ಫೋನ್ ನೋಡುತ್ತಾನೆ. ಅಲ್ಲವಾದರೆ, ಫೋನ್ ಬಡಿದರೂ ಈಗ ಹೈದರಾಬಾದಿನ ಯಾವುದೋ ಮನೆಯಲ್ಲಿ ಬಡಿಯುತ್ತಿರಬೇಕು ಅಂದುಕೊಂಡು ಮಗ್ಗುಲು ಬದಲಿಸುತ್ತಾನೆ.